ಬ್ಯಾಗ್ ಮೇಲಿಟ್ಟವರು

ಅಂದು ಬೆಳಿಗ್ಗೆ ನನ್ನ ಗಂಡ ಅಂಗಡಿಗೆಂದು ಹೊರಟರು. ಗೇಟಿನವರೆಗೆ ನಡೆದರು. ಬಲಗಾಲಿನ ಚಪ್ಪಲಿ ಬಾಗಿಲ ಬಳಿಯೇ ಉಳಿದಿತ್ತು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಅದು ಅವರಿಗೆ ಗೊತ್ತೇ ಆಗಿರಲಿಲ್ಲ.

"ಚಪ್ಪಲಿ ಬಿಟ್ಟು ಹೊಂಟೀರಲ್ರೀ" ಎಂದೆ.

ಅವರು ತಮ್ಮ ಕಾಲನ್ನು ನೋಡಿಕೊಂಡರು. ಬೇರೆ ಯಾರದೋ ಕಾಲು ನೋಡಿದ ಹಾಗಿತ್ತು ಆ ನೋಟ.

ನಾನು ನಕ್ಕೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಕ್ಕಿದ್ದು ನಿಜ. ಮೂವತ್ತು ವರ್ಷ ಜೊತೆಗೆ ಬಾಳಿದ ಹೆಂಗಸಿಗೆ ಗಂಡನ ಮರೆವು ಹೊಸದಲ್ಲ. ಕನ್ನಡಕ ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಮನುಷ್ಯ ಅವರು. ಚಪ್ಪಲಿಯನ್ನು ಕಾಲಿಂದ ಅವರ ಕಡೆಗೆ ತಳ್ಳಿದೆ. ಹಾಕಿಕೊಂಡು ಹೋದರು.

ಅವರ ಹೆಸರು ಬಸವರಾಜ. ಊರು ಸಿಂದಗಿ ಕಡೆ. ದಿಲ್‌ಸುಖ್‌ನಗರದ ಒಂದು ಸೀರೆ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಸೇಲ್ಸ್‌ಮನ್. ಮೆಟ್ಟಿಲು ಹತ್ತಿ ಬರುವ ಗಿರಾಕಿಯ ನಡಿಗೆ ನೋಡಿಯೇ ತೆಲುಗು ಮಾತಾಡಬೇಕೋ, ಹಿಂದಿಯೋ, ಮರಾಠಿಯೋ ಎಂದು ತೀರ್ಮಾನಿಸುತ್ತಿದ್ದರು. ಕನ್ನಡ ಮನೆಗೆ ಮಾತ್ರ. ಮನೆಯಲ್ಲಿ ಅದನ್ನೂ ಕಡಿಮೆಯೇ ಬಳಸುತ್ತಿದ್ದರು; ಮಾತೆಲ್ಲ ಅಂಗಡಿಯಲ್ಲೇ ಖರ್ಚಾಗಿ ಬರುತ್ತಿತ್ತು. ನಾನು ಅದೇ ಅಂಗಡಿಯ ಸೀರೆಗಳಿಗೆ ಮನೆಯಲ್ಲಿ ಕೂತು ಫಾಲ್ ಹಚ್ಚಿ ಕೊಡುತ್ತೇನೆ. ಒಬ್ಬಳೇ ಮಗಳು ವೀಣಾ, ಮದುವೆಯಾಗಿ ಸೊಲ್ಲಾಪುರದಲ್ಲಿದ್ದಾಳೆ.

ಅದಕ್ಕೂ ಮೊದಲು ಮೂರು ವಾರದಿಂದ ತಲೆನೋವು ಎನ್ನುತ್ತಿದ್ದರು. ನಾನು ಪಿತ್ತ ಎಂದೆ. ಆಮೇಲೆ ಹೊಸ ಕನ್ನಡಕದ ತಪ್ಪು ಎಂದೆ. ಆಮೇಲೆ ಬಾಮ್ ಹಚ್ಚಿದೆ.

ಮಧ್ಯಾಹ್ನ ಅಂಗಡಿಯಿಂದ ಫೋನ್ ಬಂತು. ಗಿರಾಕಿ ಹಸಿರು ಸೀರೆ ಕೇಳಿದರೆ ಇವರು ಮೂರು ಸಲ ಕೆಂಪು ತೆಗೆದರಂತೆ. ನಾಲ್ಕನೇ ಸಲ ತೆಗೆಯಲು ಎದ್ದವರು ಗಾದಿಯ ಮೇಲೆಯೇ ಕುಸಿದು ಕುಳಿತರಂತೆ. ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಅವರ ಬಾಯಿ ಒಂದು ಕಡೆ ಸ್ವಲ್ಪ ಇಳಿದಿತ್ತು.

ಸಿಟಿ ಸ್ಕ್ಯಾನ್ ಆಯಿತು. ಡಾಕ್ಟರು ಕಂಪ್ಯೂಟರಿನಲ್ಲಿ ತೋರಿಸಿದರು. ಎಡಗಡೆ ಬುರುಡೆಗೂ ಮೆದುಳಿಗೂ ನಡುವೆ ರಕ್ತ ಹೆಪ್ಪುಗಟ್ಟಿದೆ, ಅದು ಮೆದುಳನ್ನು ಒತ್ತುತ್ತಿದೆ. ಸಬ್‌ಡ್ಯೂರಲ್ ಹೆಮಟೋಮಾ ಎಂದರು. ಹೃದಯಕ್ಕೆಂದು ಇವರು ರಕ್ತ ತೆಳುವಾಗುವ ಗುಳಿಗೆ ನುಂಗುತ್ತಾರೆ. ಅಂಥವರಿಗೆ ಸಣ್ಣ ಏಟಾದರೂ ಸಾಕು, ವಾರಗಟ್ಟಲೆ ಒಳಗೊಳಗೇ ಸೋರುತ್ತದೆ ಎಂದರು.

"ಇತ್ತೀಚೆಗೆ ತಲೆಗೆ ಪೆಟ್ಟು ಬಿದ್ದಿತ್ತೇನಮ್ಮಾ?" ಎಂದು ತೆಲುಗಿನಲ್ಲಿ ಕೇಳಿದರು.

"ಇಲ್ಲ" ಎಂದೆ.

"ಬಾತ್‌ರೂಮಿನಲ್ಲಿ ಜಾರಿದ್ದು, ಗಾಡಿಯಿಂದ ಬಿದ್ದದ್ದು?"

"ಇಲ್ಲ ಸರ್."

ಆಪರೇಷನ್ನಿನ ಕನ್ಸೆಂಟ್ ಫಾರ್ಮಿಗೆ ಸಹಿ ಹಾಕುವಾಗ ನೆನಪಾಯಿತು.

ವಿಮಾನ.

ಅಂಗಡಿಗೆ ಮಾಲು ಆರಿಸಲು ಇವರು ವರ್ಷಕ್ಕೊಮ್ಮೆ ರೈಲಿನಲ್ಲಿ ಸೂರತ್‌ಗೆ ಹೋಗುತ್ತಿದ್ದರು. ಈ ಸಲ, ತಲೆನೋವು ಶುರುವಾಗುವ ಮುಂಚೆ, ಮಾಲೀಕರು ವಿಮಾನದ ಟಿಕೆಟ್ ತೆಗೆಸಿ, ಮನೆಯವರನ್ನೂ ಕರೆದುಕೊಂಡು ಹೋಗಿ ಎಂದಿದ್ದರು. ನನಗೆ ಅದು ಮೊದಲ ವಿಮಾನ. ಬರುವಾಗ ಇವರು ನಡೆದಾಡುವ ಹಾದಿಯ ಪಕ್ಕದ ಸೀಟು, ನಾನು ನಡುವಿನದು. ಕಿಟಕಿಯ ಸೀಟಿಗೆ ಒಬ್ಬ ಮುದುಕಿ ಬಂದು, ಕೈಯಲ್ಲಿದ್ದ ಬಟ್ಟೆಯ ಬ್ಯಾಗನ್ನು ಎತ್ತಲಾರದೆ ತನ್ನಷ್ಟಕ್ಕೇ "ಎಲ್ಲಿ ಇಡ್ಲೆಪ್ಪಾ ಇದನ್ನ" ಎಂದಳು.

ಒಂದು ವಾರ ಗುಜರಾತಿ ಕೇಳಿ ಕೇಳಿ ಬೇಸತ್ತಿದ್ದ ನನ್ನ ಕಿವಿ ಅರಳಿತು.

"ನಮ್ಮ ಕಡೆಯವರೇನ್ರಿ ಆಯಿ?"

"ಮುದ್ದೇಬಿಹಾಳ ತಂಗಿ. ಮಗನ ಮನಿ ಹಿಮಾಯತ್‌ನಗರದಾಗ ಐತಿ."

"ಕೊಡ್ರಿ ಇಲ್ಲಿ, ಇವರು ಇಡ್ತಾರ" ಎಂದು ನಾನು ಗಂಡನ ಮೊಣಕೈ ತಿವಿದೆ. "ಏಳ್ರಿ, ನಮ್ಮ ಮಂದಿ."

ಅವರ ಹೆಸರು ನೀಲಮ್ಮ. ಬ್ಯಾಗಿನಲ್ಲಿ ರೊಟ್ಟಿ ಮಾಡುವ ಕಬ್ಬಿಣದ ಹಂಚು. ಸೂರತ್‌ನ ಮಗಳಿಗೆಂದು ಊರಿನಿಂದ ಹೊತ್ತು ಒಯ್ದಿದ್ದರಂತೆ. ಮಗಳ ಮನೆಯಲ್ಲಿ ಗಾಜಿನ ಒಲೆ. ಅದರ ಮೇಲೆ ಹಂಚು ಕೂಡುವುದಿಲ್ಲ, ವಾಪಸ್ ಒಯ್ಯಿ ಎಂದಳಂತೆ ಮಗಳು. ಗಗನಸಖಿ ಬಂದು ಬ್ಯಾಗಿನ ಭಾರ ನೋಡಿದಳು. ಇದನ್ನು ಮುಂದಿನ ಸೀಟಿನ ಕೆಳಗೆ ಕಾಲ ಬಳಿ ಇಡಿ ಎಂದಳು.

"ಹಂಚು ಐತವ್ವಾ. ಕಾಲಾಗ ಹ್ಯಾಂಗ ಇಡೂದು?" ಎಂದರು ನೀಲಮ್ಮ.

ಆ ಹುಡುಗಿಗೆ ತಿಳಿಯಲಿಲ್ಲ. ಇವರು ತಿಳಿಸಿ ಹೇಳಿದರು. ಅನ್ನ ಹುಟ್ಟುವ ವಸ್ತುವಿಗೆ ಕಾಲು ತಾಗಬಾರದು ಎಂಬುದು ಇವರಿಗೂ ಅಷ್ಟೇ ಗಟ್ಟಿ ನಂಬಿಕೆ. ತಮ್ಮ ಅಂಗಡಿಯ ಹಿಂದಿಯಲ್ಲಿ "ರೋಟಿ ಬನಾನೇಕಾ ಹೈ ಮೇಡಂ, ಪಾಂವ್ ಮೇ ನೈ ರಖ್ತೇ" ಎಂದು ನಗುತ್ತಲೇ ಹೇಳಿ, ಮೇಲಿನ ಕಪಾಟಿನಲ್ಲಿದ್ದ ಬೇರೆಯವರ ಸಾಮಾನು ಸರಿಸಿ, ಬ್ಯಾಗನ್ನು ಅಂಚಿನಲ್ಲಿ ತುರುಕಿ ಮುಚ್ಚಳ ಒತ್ತಿದರು. ಅವಳು ಇನ್ನೊಮ್ಮೆ ಹೇಳಿದಳು. ಇವರು ಹ್ಞೂಂ ಹ್ಞೂಂ ಎಂದರು. ಹಿಂದೆ ಜನ ಕಾಯುತ್ತಿದ್ದರು. ಅವಳು ಮುಂದೆ ಹೋದಳು.

ದಾರಿಯುದ್ದಕ್ಕೂ ನಾನೂ ನೀಲಮ್ಮನವರೂ ಊರಿನ ಮಾತಾಡಿದೆವು. ಫೋನ್ ನಂಬರ್ ಬರೆದುಕೊಂಡೆವು.

ಇಳಿಯುವ ಮುಂಚೆ ಸಿಬ್ಬಂದಿ ಕಪಾಟುಗಳನ್ನು ನೋಡುತ್ತ ಹೋದರು. ನಮ್ಮದರ ಮುಚ್ಚಳ ಪೂರಾ ಕೂತಿರಲಿಲ್ಲ ಎಂದು ಈಗ ತಿಳಿದಿದೆ. ಚಕ್ರ ನೆಲಕ್ಕೆ ಬಡಿದು ವಿಮಾನ ಜಗ್ಗಿದಾಗ ಮುಚ್ಚಳ ತೆರೆದುಕೊಂಡಿತು. ಬ್ಯಾಗ್ ಇವರ ತಲೆಯ ಎಡಭಾಗಕ್ಕೆ ಬಡಿದು ನೆಲಕ್ಕೆ ಬಿತ್ತು. ಹಂಚು ಠಣ್ ಎಂದಿತು. ರಕ್ತ ಬರಲಿಲ್ಲ. ಲಿಂಬೆಹಣ್ಣಿನಷ್ಟು ಬಾವು ಬಂತು. ಐಸ್ ತಂದುಕೊಟ್ಟರು, ಒಂದು ಕಾಗದದಲ್ಲಿ ಏನೋ ಬರೆದುಕೊಂಡರು. ನೀಲಮ್ಮ ಅಳುವುದೊಂದು ಬಾಕಿ. ಇವರೇ ಅವರಿಗೆ ಸಮಾಧಾನ ಹೇಳಿದರು: "ಏನೂ ಆಗಿಲ್ರಿ ಆಯಿ, ನನ್ನ ತಲಿ ಹಂಚಿಗಿಂತ ಗಟ್ಟಿ ಐತಿ."

ಬರ್ ಹೋಲ್ ಎನ್ನುತ್ತಾರೆ ಆ ಆಪರೇಷನ್ನಿಗೆ. ಬುರುಡೆಗೆ ತೂತು ಕೊರೆದು ರಕ್ತ ಬಸಿದು ತೆಗೆಯುತ್ತಾರೆ. ಸಲೀಸಾಗಿ ಆಯಿತು ಎಂದರು. ಹತ್ತನೆಯ ದಿನ ಮತ್ತೆ ತುಂಬಿತು. ಈ ಸಲ ಹೊಸ ರಕ್ತ, ಭಾಳ ಬೇಗ. ಎರಡನೆಯ ಆಪರೇಷನ್ನಿಗೆ ಬುರುಡೆಯ ತುಂಡನ್ನೇ ತೆಗೆಯಬೇಕಾಯಿತು. ಐಸಿಯು ಹೊರಗಿನ ಕುರ್ಚಿಯಲ್ಲಿ ಹನ್ನೊಂದು ದಿನ ಕುಳಿತೆ. ವೀಣಾ ಬಂದು ಊಟ ತಿನ್ನಿಸಿದರೆ ತಿಂದೆ.

ಎಚ್ಚರವಾದ ಮೇಲೆ ನರ್ಸ್ ಕೇಳಿದಳು: "ಮೀ ಪೇರು ಚೆಪ್ಪಂಡಿ."

ಇವರು ಅವಳನ್ನೇ ನೋಡಿದರು. ಇಪ್ಪತ್ತೆಂಟು ವರ್ಷ ದಿನವಿಡೀ ತೆಲುಗು ಮಾತಾಡಿದ ಮನುಷ್ಯ. ಅವಳು ಹಿಂದಿಯಲ್ಲಿ ಕೇಳಿದಳು. ಅದಕ್ಕೂ ಅದೇ ನೋಟ. ನಾನು ಹತ್ತಿರ ಬಾಗಿ, "ನಿಮ್ಮ ಹೆಸರೇನ್ರೀ?" ಎಂದೆ.

ತುಟಿ ಅಲುಗಾಡಿತು. "ಬ... ಬಸು."

ಅವರ ಅವ್ವ ಕರೆಯುತ್ತಿದ್ದ ಹೆಸರು ಅದು. ನಾನು ಅದನ್ನು ಅವರ ಬಾಯಲ್ಲಿ ಎಂದೂ ಕೇಳಿರಲಿಲ್ಲ.

ಅಫೇಸಿಯಾ ಎಂದರು ಡಾಕ್ಟರು. ಮಾತಿನ ಜಾಗಕ್ಕೆ ಏಟಾಗಿದೆ. ಕೆಲವರಲ್ಲಿ ಮೊದಲು ಕಲಿತ ಭಾಷೆ ಮೊದಲು ಬರುತ್ತದೆ, ಎಲ್ಲರಿಗೂ ಹೀಗೇ ಎಂದು ಹೇಳಲಾಗದು, ಕಾಯೋಣ ಎಂದರು. ಅಂದಿನಿಂದ ಆಸ್ಪತ್ರೆಗೂ ಅವರಿಗೂ ನಡುವೆ ನಾನೇ ದುಭಾಷಿ. ನೋವು ಎಲ್ಲಿ, ಮೂತ್ರ ಬಂತೆ, ಬೆರಳು ಎತ್ತಿ. ಬಲಗೈ ಬೆರಳು ಏಳಲಿಲ್ಲ. ಐದೂವರೆ ಮೀಟರ್ ಸೀರೆಯನ್ನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಡಚುತ್ತಿದ್ದ ಕೈ ಅದು.

ಒಮ್ಮೆ ಕಾರಿಡಾರಿನಲ್ಲಿ ಡಾಕ್ಟರನ್ನು ತಡೆದು ನಿಲ್ಲಿಸಿದೆ.

"ಸರ್, ಎರಡು ದಿನ ಮೊದಲು ಬಂದಿದ್ದರೆ?"

"ಹಾಗೆಲ್ಲ ಹಿಂದಕ್ಕೆ ಯೋಚಿಸಬೇಡಿ ಅಮ್ಮಾ" ಎಂದು ಅವರು ನಡೆದುಬಿಟ್ಟರು. ನಾನು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ಡಿಸ್ಚಾರ್ಜ್ ಆಗಿ ಮನೆಗೆ ಬಂದೆವು. ಇನ್ನೂ ಉಣ್ಣಿಸಬೇಕು, ಸ್ನಾನ ಮಾಡಿಸಬೇಕು. ಅಂಗಡಿಯ ಮಾಲೀಕರೇ ಒಬ್ಬ ವಕೀಲರ ಹೆಸರು ಹೇಳಿದರು. ಮಾಧವಿ ಅವರ ಆಫೀಸು ಬೇಗಂಪೇಟೆಯಲ್ಲಿ, ಹಳೆಯ ವಿಮಾನ ನಿಲ್ದಾಣದ ಹತ್ತಿರ. ಅವರು ತೆಲುಗಿನಲ್ಲಿ ನಿಧಾನವಾಗಿ ವಿವರಿಸಿದರು. ವಿಮಾನದೊಳಗೆ ಪ್ರಯಾಣಿಕನಿಗೆ ಗಾಯವಾದರೆ ಮೊದಲು ಜವಾಬು ಕೊಡಬೇಕಾದದ್ದು ಕಂಪನಿಯೇ. ದೇಶದೊಳಗಿನ ಪ್ರಯಾಣಕ್ಕೂ ಇದೇ ಕಾನೂನು. ಆದರೆ ಗಾಯಗೊಂಡವನ ತಪ್ಪೂ ಸೇರಿದ್ದರೆ ಅಷ್ಟು ಪಾಲನ್ನು ಪರಿಹಾರದಲ್ಲಿ ಕಳೆಯುತ್ತಾರೆ.

ತಪ್ಪಿನಲ್ಲಿ ಪಾಲು. ನಮ್ಮ ಕಡೆ ಪಾಲು ಎಂದರೆ ಅಣ್ಣ ತಮ್ಮಂದಿರು ಹೊಲ ಮನೆ ಬೇರೆ ಮಾಡಿಕೊಳ್ಳುವುದು. ತನಗೆ ಹೆಚ್ಚು ಬರಲಿ ಎಂದು ಬಡಿದಾಡುತ್ತಾರೆ. ಇಲ್ಲಿ ಎಲ್ಲರೂ ತನಗೆ ಕಡಿಮೆ ಬರಲಿ ಎಂದು ಬಡಿದಾಡಬೇಕು.

ಕಂಪನಿಯ ಕಾಗದ ಬಂತು. ಘಟನೆಗೆ ವಿಷಾದವಿದೆ. ಆದರೆ ಸಿಬ್ಬಂದಿ ಎರಡು ಸಲ ಹೇಳಿದರೂ ಪ್ರಯಾಣಿಕರು ತಮ್ಮ ವೈಯಕ್ತಿಕ ಕಾರಣದಿಂದ ಭಾರದ ವಸ್ತುವನ್ನು ತಾವೇ ಮೇಲೆ ಇಟ್ಟಿದ್ದಾರೆ. ಬ್ಯಾಗ್ ಇನ್ನೊಬ್ಬ ಪ್ರಯಾಣಿಕರದು. ಆದ್ದರಿಂದ ಹೊಣೆ ನಮ್ಮೊಬ್ಬರದಲ್ಲ.

ಮಾಧವಿ ಪೆನ್ನು ಕೆಳಗಿಟ್ಟರು. "ಆ ಮುದುಕಿಯನ್ನೂ ಪ್ರತಿವಾದಿ ಮಾಡೋಣ. ಹಂಚು ಆಕೆಯದು, ಕಾಲ ಬಳಿ ಬೇಡ ಎಂದದ್ದೂ ಆಕೆ. ಆಕೆಯ ತಲೆಗೆ ಸ್ವಲ್ಪ ಹೋದರೆ ನಿಮ್ಮವರ ಪಾಲು ಇಳಿಯುತ್ತದೆ."

ಒಪ್ಪಿದೆ. ಸುಳ್ಳೇಕೆ ಹೇಳಲಿ, ಖುಷಿಯಿಂದ ಒಪ್ಪಿದೆ. ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತ ಹನ್ನೊಂದು ದಿನವೂ ಆ ಮುದುಕಿಯನ್ನು ಮನಸ್ಸಿನಲ್ಲೇ ಬೈದಿದ್ದೆ. ನೋಟಿಸಿನ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಹಿಮಾಯತ್‌ನಗರಕ್ಕೆ ಹೋದೆ. ಅಂಚೆಯಲ್ಲಿ ಹೋಗಲಿ ಬಿಡಿ ಎಂದಿದ್ದರು ವಕೀಲರು. ನನಗೆ ಅವರ ಮುಖ ನೋಡಬೇಕಿತ್ತು.

ಅಂಗಡಿಗಳ ಮೇಲಿನ ಮೂರನೆಯ ಮಹಡಿ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ನೀಲಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದರು.

"ಬಾ ತಂಗಿ, ಬಾ. ಎಷ್ಟ್ ದಿನಾ ಆತು. ಅವರ ತಲಿ ಬಾತಿದ್ದು ಇಳೀತಿಲ್ಲೋ?"

ಅವರಿಗೆ ಏನೂ ಗೊತ್ತಿರಲಿಲ್ಲ. ಯಾರು ಹೇಳಬೇಕಿತ್ತು? ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಹೇಳಿದೆ. ಅವರು ರೊಟ್ಟಿ ಬಡಿಯುತ್ತ ಕೇಳಿದರು. ಒಂದು ರೊಟ್ಟಿ ಹಂಚಿಗೆ ಹಾಕಿದರು. ಎರಡನೆಯ ಆಪರೇಷನ್ ಎಂದಾಗ ಅವರ ಕೈ ನಿಂತಿತು. ತೆಲುಗು ಹೋಯಿತು, ಬಲಗೈ ಹೋಯಿತು, ನೌಕರಿ ಹೋಯಿತು ಎಂದೆ. ಒಲೆಯ ಮೇಲಿನ ರೊಟ್ಟಿ ಹೊಗೆಯಾಡತೊಡಗಿತು. ಅವರು ಅದನ್ನು ತಿರುವಲಿಲ್ಲ. ಕೊನೆಗೆ ನಾನೇ ಹೋಗಿ ಗ್ಯಾಸ್ ಆರಿಸಿದೆ.

"ಇದಽ ಹಂಚು ತಂಗಿ" ಎಂದರು. "ಇದರ ಮ್ಯಾಲ ದಿನಾ ರೊಟ್ಟಿ ಮಾಡಿ ತಿನ್ನಾಕತ್ತೀನಿ ನಾ."

ಅವರು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದರು.

"ಕೋರ್ಟಿನ್ಯಾಗ ನನ್ನ ಹೆಸರು ಬರಸು. ಆ ಹುಡುಗಿ ಕೆಳಗ ಇಡ್ರಿ ಅಂತ ಹೇಳಿದ್ಲು, ನಾ ಕೇಳಲಿಲ್ಲ. ಹಂಚೂ ಒಯ್ಯಿ. ತೋರಸ್ರಿ ಅಂದ್ರ ಬೇಕಾಗ್ತೈತಿ."

ಜಗಳಕ್ಕೆ ಸಜ್ಜಾಗಿ ಹೋದವಳು ನಾನು. ಅವರು ಒಂದು ಮಾತು ಎದುರಾಡಿದ್ದರೂ ಸಾಕಿತ್ತು, ನೋಟಿಸನ್ನು ಮುಖದ ಮೇಲೆ ಎಸೆದು ಬರುತ್ತಿದ್ದೆ. ಆದರೆ ಅವರು ಅಂದು ಬ್ಯಾಗ್ ಎತ್ತಿ ಇಡಿ ಎಂದು ನಮ್ಮನ್ನು ಕೇಳಿಯೇ ಇರಲಿಲ್ಲ. ತನ್ನಷ್ಟಕ್ಕೆ ಮಾತಾಡಿಕೊಂಡಿದ್ದರು. ಕೊಡ್ರಿ ಎಂದವಳು ನಾನು. ಗಂಡನ ಮೊಣಕೈ ತಿವಿದವಳು ನಾನು.

ನೋಟಿಸು ಚೀಲದಲ್ಲೇ ಉಳಿಯಿತು. ಮಾಧವಿ ಸಿಟ್ಟಾದರು, ಆಮೇಲೆ ತಣ್ಣಗಾದರು. ಕಂಪನಿಯವರೇ ಬೇಕಾದರೆ ಆಕೆಯನ್ನು ಎಳೆಯಲಿ, ನಮ್ಮ ಕಡೆಯಿಂದ ಸಾಕ್ಷಿ ಮಾಡೋಣ, ಆದರೆ ಆಕೆ ಎಲ್ಲವನ್ನೂ ಹೇಳುತ್ತಾರೆ, ನಿಮ್ಮವರಿಗೆ ವಿರುದ್ಧವಾದದ್ದನ್ನೂ ಹೇಳುತ್ತಾರೆ ಎಂದು ಎಚ್ಚರಿಸಿದರು. ಹೇಳಲಿ ಎಂದೆ.

ಎರಡನೆಯ ಕಾಗದ ಬಂತು. ನಮ್ಮ ಡಿಸ್ಚಾರ್ಜ್ ಸಮ್ಮರಿಯಲ್ಲೇ 'ಮೂರು ವಾರದಿಂದ ತಲೆನೋವು' ಎಂದು ಬರೆದಿದೆ. ಅಷ್ಟು ದಿನ ಆಸ್ಪತ್ರೆಗೆ ಹೋಗದೆ ಹಾನಿಯನ್ನು ಹೆಚ್ಚಿಸಿಕೊಂಡದ್ದು ಪ್ರಯಾಣಿಕರೇ ಎಂದು ಅದರಲ್ಲಿತ್ತು.

"ಇದು ನಿಲ್ಲುವುದಿಲ್ಲ" ಎಂದರು ಮಾಧವಿ. "ಇಂಥ ರಕ್ತಸ್ರಾವ ಯಾರಿಗೂ ಬೇಗ ತಿಳಿಯುವುದಿಲ್ಲ. ನಿಮ್ಮವರು ಆಸ್ಪತ್ರೆಗೆ ಹೋಗೋಣ ಎಂದು ಯಾವಾಗಲಾದರೂ ಹೇಳಿದ್ದರಾ?"

"ಇಲ್ಲ" ಎಂದೆ.

ಹೇಳಿದ್ದರು. ಗುರುವಾರ ಊಟದ ತಟ್ಟೆ ಸರಿಸಿ, "ಭಾಳ ಸಿಡ್ಯಾಕತ್ತೈತಿ, ದವಾಖಾನಿಗೆ ಹೋಗೂಣು" ಎಂದಿದ್ದರು. ನನ್ನ ಸುತ್ತ ಮದುವೆ ಮನೆಯೊಂದರ ನಲವತ್ತು ಸೀರೆ ಬಿದ್ದಿದ್ದವು. ಭಾನುವಾರ ಕೊಡಬೇಕಿತ್ತು. ಬಾಯಲ್ಲಿ ದಾರ ಕಚ್ಚಿಕೊಂಡೇ "ಸೋಮವಾರ ಹೋಗೂಣು ಬಿಡ್ರಿ" ಎಂದೆ. ಅವರು ಮತ್ತೆ ಕೇಳಲಿಲ್ಲ. ತಾವೇ ಹೋಗುವ ಜಾಯಮಾನ ಅವರದಲ್ಲ, ಹಲ್ಲು ಕೀಳಿಸಲೂ ನಾನು ಜೊತೆಗೆ ಬೇಕು. ಚಪ್ಪಲಿ ಬಿಟ್ಟು ಹೋದದ್ದು ಶನಿವಾರ. ಸೋಮವಾರ ಅವರು ಐಸಿಯುವಿನಲ್ಲಿದ್ದರು. ಕಂಪನಿಯ ಕಾಗದದಲ್ಲಿ ತಪ್ಪಿದ್ದರೆ ಒಂದೇ ತಪ್ಪು, ಅದು ಇವರನ್ನು ದೂರಿತ್ತು.

ಈಗ ಇವರಿಗೆ ಇಪ್ಪತ್ತೈದು ಮೂವತ್ತು ಮಾತು ಬರುತ್ತವೆ. ಫಿಸಿಯೋಥೆರಪಿ ಮಾಡಿಸುವವರು ಭುಜ ಹಿಡಿದುಕೊಂಡರೆ ಬಾಗಿಲವರೆಗೆ ನಡೆಯುತ್ತಾರೆ. ಕೆಲವೊಮ್ಮೆ ಒಂದು ಮಾತಿಗೆ ಹತ್ತು ನಿಮಿಷ ಕಾಯಬೇಕು. ಮೊದಮೊದಲು ನಾನೇ ಮಾತು ಪೂರೈಸಿಬಿಡುತ್ತಿದ್ದೆ. ಅವರಿಗೆ ಅಳು ಬರುತ್ತಿತ್ತು. ಈಗ ಕಾಯುತ್ತೇನೆ. ಕಾಯುವುದನ್ನು ತಡವಾಗಿ ಕಲಿತೆ.

ಹೋದ ವಾರ ಗ್ರಾಹಕ ಆಯೋಗಕ್ಕೆ ಕೊಡಬೇಕಾದ ಅಫಿಡವಿಟ್ ಬಂತು. ಇಂಗ್ಲಿಷಿನಲ್ಲಿತ್ತು. ಅವರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ, ಒಪ್ಪಿದ ಮೇಲೆ ಸಹಿ ಹಾಕಿಸಬೇಕು ಎಂದಿದ್ದರು ವಕೀಲರು. ವೀಣಾ ಫೋನಿನಲ್ಲಿ ಸಾಲು ಸಾಲಾಗಿ ಕನ್ನಡದಲ್ಲಿ ಬರೆಸಿದಳು. ಮಧ್ಯಾಹ್ನ ಊಟವಾದ ಮೇಲೆ ಹಾಸಿಗೆಯ ಪಕ್ಕ ಕೂತು ಓದಿದೆ.

"ಬ್ಯಾಗನ್ನು ಮೇಲಿನ ಕಪಾಟಿನಲ್ಲಿ ಇಡಲಾಗಿತ್ತು."

ಅವರು ಎಡಗೈ ಎತ್ತಿದರು. ನಿಲ್ಲಿಸಿದೆ.

"ಯಾ... ಯಾರು?"

ವಕೀಲರು ಜಾಣತನದಿಂದ ಹಾಗೆ ಬರೆದಿದ್ದರು. ಯಾರು ಇಟ್ಟರು ಎಂಬುದೇ ಆ ಸಾಲಿನಲ್ಲಿ ಇರಲಿಲ್ಲ. ಇವರು ಎದೆ ಮುಟ್ಟಿಕೊಂಡರು.

"ನಾ. ನಾ ಇಟ್ಟೆ. ಬರಿ."

"ಹಂಗ ಬರದ್ರ ನಿಮ್ಮ ಪಾಲು ಕಡೀತಾರಂತ್ರೀ."

"ಕಡೀಲಿ."

ಅಂಚಿನಲ್ಲಿ ಬರೆದುಕೊಂಡೆ. ಮುಂದಿನ ಪುಟಕ್ಕೆ ಬಂದೆ. 'ಅರ್ಜಿದಾರರಾಗಲಿ ಅವರ ಮನೆಯವರಾಗಲಿ ಯಾವ ಹಂತದಲ್ಲೂ ಚಿಕಿತ್ಸೆಯನ್ನು ಮುಂದೂಡಿಲ್ಲ.' ಓದಲು ಹೋದವಳು ಆ ಸಾಲನ್ನು ಬೆರಳಿನಿಂದ ಮುಚ್ಚಿದೆ. ಅವರು ಕಾದರು. ಈಗ ಮಾತಿಗಾಗಿ ಕಾಯುವ ಸರದಿ ಅವರದು.

ಹೇಳಿಬಿಟ್ಟೆ. "ಗುರುವಾರ ದವಾಖಾನಿಗೆ ಹೋಗೂಣು ಅಂದಿದ್ರಿ ನೀವು. ಸೋಮವಾರ ಅಂದಾಕಿ ನಾನು. ವಕೀಲರ ಮುಂದ ಇಲ್ಲ ಅಂತ ಸುಳ್ಳ ಹೇಳೀನಿ. ಎರಡ ದಿನಾ ನನ್ನಿಂದ ಹೋದವು. ನಿಮ್ಮದು ಬರೀತೀವಂದ್ರ ನಂದೂ ಬರಿಯೂಣು."

ಅವರು ನನ್ನ ಮುಖವನ್ನೇ ನೋಡಿದರು. ತುಟಿ ಒಂದು ಮಾತು ಹುಡುಕುತ್ತಿತ್ತು. ಬಹಳ ಹೊತ್ತು ಹುಡುಕಿತು.

"ಸೀರಿ... ಮುಗದ್ವು?"

ಇಲ್ಲ ಎಂದು ತಲೆಯಾಡಿಸಿದೆ. ಅಷ್ಟೂ ಸೀರೆಗಳನ್ನು ಅಂಗಡಿಯವರು ವಾಪಸ್ ಒಯ್ದು ಬೇರೆಯವರಿಗೆ ಕೊಟ್ಟಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಎಷ್ಟೋ ದಿನದಿಂದ ಬಾರದೆ ಉಳಿದಿದ್ದ ಅಳು.

ಅವರು ಎಡಗೈಯಿಂದ ನನ್ನ ಕೈಯೊಳಗಿನ ಪೆನ್ನು ತೆಗೆದುಕೊಂಡರು.

"ಅದು ಬರೀಬ್ಯಾಡ" ಎಂದರು.

ಸಂಜೆ ಮಾಧವಿಗೆ ಫೋನ್ ಮಾಡಿ ಬ್ಯಾಗ್ ಇಟ್ಟವರು ಇವರೇ ಎಂದು ಬರೆಸಿದೆ. ಚಿಕಿತ್ಸೆ ಮುಂದೂಡಿಲ್ಲ ಎಂಬ ಸಾಲನ್ನು ತೆಗೆಸಿದೆ. ಏಕೆ ಎಂದು ಅವರು ಕೇಳಿದರು, ಅದು ನಿಜವಲ್ಲ ಎಂದಷ್ಟೇ ಹೇಳಿದೆ. ಮರುದಿನ ಹೊಸ ಪ್ರತಿ ಬಂತು. ಇವರು ಎಡಗೈಯಲ್ಲಿ, ಒಂದನೇ ಇಯತ್ತೆಯ ಅಕ್ಷರದಂತೆ ಸೊಟ್ಟಗೆ, ಕನ್ನಡದಲ್ಲಿ ಸಹಿ ಹಾಕಿದರು. ಆಯೋಗ ಯಾರಿಗೆ ಎಷ್ಟು ಪಾಲು ಹಾಕುತ್ತದೋ ತಿಳಿಯದು. ಮುಂದಿನ ತಾರೀಖು ಇನ್ನೂ ದೂರವಿದೆ. ಇವರು ನನ್ನ ಪಕ್ಕದಲ್ಲಿದ್ದಾರೆ, ದಿನಕ್ಕೊಮ್ಮೆಯಾದರೂ ನನ್ನ ಹೆಸರು ಹಿಡಿದು ಕರೆಯುತ್ತಾರೆ. ಅಷ್ಟನ್ನು ಕೊಟ್ಟದ್ದಕ್ಕೆ ದೇವರಿಗೂ ಡಾಕ್ಟರಿಗೂ ಕೈ ಮುಗಿಯುತ್ತೇನೆ.

ಅವರು ಹೇಳಿದಂತೆ ನನ್ನ ಸೋಮವಾರವನ್ನು ಅಲ್ಲಿ ಬರೆಸಲಿಲ್ಲ. ಇಲ್ಲಿ ಬರೆದಿದ್ದೇನೆ.